ಸಪೋರ್ಟ್ ಅಟ್ ಹೋಮ್: ಆಸ್ಟ್ರೇಲಿಯಾದಲ್ಲಿ ಹಿರಿಯರ ಮನೆ ಆರೈಕೆಗೆ ನಮ್ಮ ಪಾಲು ಎಷ್ಟು, ಲೆಕ್ಕ ಹಾಕುವುದು ಹೇಗೆ

ಅಪ್ಪನಿಗೋ ಅಮ್ಮನಿಗೋ ಮನೆ ಆರೈಕೆ ಮಂಜೂರಾಗುತ್ತದೆ, ಪ್ರೊವೈಡರ್ (ಸೇವೆ ಕೊಡುವ ಸಂಸ್ಥೆ) ಜೊತೆ ಒಪ್ಪಂದಕ್ಕೆ ಸಹಿ ಬೀಳುತ್ತದೆ, ತಿಂಗಳು ಕಳೆದ ಮೇಲೆ ಬಿಲ್ ಬರುತ್ತದೆ. ಆಗ ಶುರುವಾಗುತ್ತದೆ ಗೋಳು: "ಸರ್ಕಾರ ಕೊಡುತ್ತೆ ಅಂದಿದ್ರಲ್ಲ, ಇದೇನಿದು?" ಬಿಲ್ಲಿನಲ್ಲಿ ತಪ್ಪಿರುವುದೂ ಉಂಟು. ಆದರೆ ಬಹಳ ಮನೆಗಳಲ್ಲಿ ತಪ್ಪಿರುವುದು ಕೆಲಸದ ಕ್ರಮ. ಆದಾಯದ ಕಾಗದ ಮೊದಲು, ಸೇವೆಯ ಪಟ್ಟಿ ಆಮೇಲೆ, ಸಹಿ ಕೊನೆಗೆ. ಇದು ತಿರುವುಮುರುವಾದರೆ ಗರಿಷ್ಠ ದರದಲ್ಲಿ ಬಿಲ್ ಬರುತ್ತದೆ, ಅದನ್ನು ಸರಿಪಡಿಸಲು ಮತ್ತೆ ಓಡಾಟ.

ಇಲ್ಲಿ ಹೇಳುತ್ತಿರುವುದು 2025ರ ನವೆಂಬರ್ 1ರಂದು ಹೋಮ್ ಕೇರ್ ಪ್ಯಾಕೇಜ್ ಬದಲಿಗೆ ಜಾರಿಗೆ ಬಂದ ಸಪೋರ್ಟ್ ಅಟ್ ಹೋಮ್ ಯೋಜನೆಯ ನಿಯಮಗಳನ್ನು. ಮೊತ್ತವೆಲ್ಲ ಆಸ್ಟ್ರೇಲಿಯನ್ ಡಾಲರಿನಲ್ಲಿದೆ, ಆ ದಿನಾಂಕದ ದರದಲ್ಲಿದೆ. ವಾರಕ್ಕೊಮ್ಮೆ ಊಟ, ಒಂದಿಷ್ಟು ಮನೆಗೆಲಸದಂಥ ಸಣ್ಣ ಸಹಾಯ ಕೊಡುವ ಕಾಮನ್‌ವೆಲ್ತ್ ಹೋಮ್ ಸಪೋರ್ಟ್ ಪ್ರೋಗ್ರಾಂ ಬೇರೆಯೇ ಯೋಜನೆ. ಅಲ್ಲಿ ನಮ್ಮ ಪಾಲನ್ನು ಆಯಾ ಸಂಸ್ಥೆಯೇ ಗೊತ್ತು ಮಾಡುತ್ತದೆ. ಪಕ್ಕದ ಮನೆಯವರು "ನಾವು ಊಟಕ್ಕೆ ಇಷ್ಟೇ ಕೊಡೋದು" ಅಂದರೆ, ಅವರು ಯಾವ ಯೋಜನೆಯಲ್ಲಿದ್ದಾರೆ ಎಂದು ಮೊದಲು ಕೇಳಿ.

## ಮೊದಲು ಎತ್ತಿಟ್ಟುಕೊಳ್ಳಬೇಕಾದ ಕಾಗದ

ಮೈ ಏಜ್ಡ್ ಕೇರ್ (ಹಿರಿಯರ ಆರೈಕೆಯ ಸರ್ಕಾರಿ ಸೇವೆ) ಕಳಿಸಿದ ನಿರ್ಧಾರ ಪತ್ರ ಮತ್ತು ಅದರ ಜೊತೆಗಿನ ಸಪೋರ್ಟ್ ಪ್ಲಾನ್, ಸೆಂಟರ್‌ಲಿಂಕ್ (ಪಿಂಚಣಿ ಕೊಡುವ ಸರ್ಕಾರಿ ಕಚೇರಿ) ಗ್ರಾಹಕ ಸಂಖ್ಯೆ, ಏಜ್ ಪೆನ್ಷನ್ ಅಂದರೆ ಇಲ್ಲಿನ ವೃದ್ಧಾಪ್ಯ ಪಿಂಚಣಿಯ ಇತ್ತೀಚಿನ ಪತ್ರ, ಇಬ್ಬರದೂ ಬ್ಯಾಂಕ್ ಸ್ಟೇಟ್‌ಮೆಂಟ್, ಸೂಪರ್ (ನಿವೃತ್ತಿ ನಿಧಿ) ಖಾತೆಯ ವಿವರ. ಭಾರತದಲ್ಲಿ ಆಸ್ತಿಯೋ ಪಿಂಚಣಿಯೋ ಇದ್ದರೆ ಅದರ ಕಾಗದವೂ ಬೇಕು, ಆ ವಿಷಯ 3ನೇ ಹಂತದಲ್ಲಿದೆ. ಜೊತೆಗೆ ಒಂದು ನೋಟ್‌ಬುಕ್. ಯಾವ ದಿನ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಏನು ಮಾಡಿದರು ಎಂದು ಬರೆಯಲು. ಬಿಲ್ ತಾಳೆ ನೋಡುವಾಗ ಈ ನೋಟ್‌ಬುಕ್ಕಿನಷ್ಟು ಕೆಲಸಕ್ಕೆ ಬರುವುದು ಬೇರೊಂದಿಲ್ಲ.

## ಹಂತ 1: ಹಳೆಯ ರಿಯಾಯಿತಿ ಅನ್ವಯಿಸುತ್ತದೆಯೇ ನೋಡಿ

2024ರ ಸೆಪ್ಟೆಂಬರ್ 12 ಎಂಬ ದಿನಾಂಕ ನೆನಪಿಡಿ. ಅಂದಿಗಾಗಲೇ ಹೋಮ್ ಕೇರ್ ಪ್ಯಾಕೇಜ್ ಪಡೆಯುತ್ತಿದ್ದವರು, ಸರದಿಯಲ್ಲಿದ್ದವರು, ಪ್ಯಾಕೇಜಿಗೆ ಅರ್ಹರೆಂದು ಒಪ್ಪಿಗೆ ಪಡೆದಿದ್ದವರು, ಈ ಮೂವರಿಗೂ ಹೊಸ ಯೋಜನೆಯಿಂದ ಹೊರೆ ಹೆಚ್ಚಾಗಬಾರದೆಂಬ ರಕ್ಷಣೆ ಇದೆ. ಅವರಲ್ಲಿ ಪೂರ್ಣ ಪಿಂಚಣಿದಾರರು ಏನೂ ಕಟ್ಟಬೇಕಿಲ್ಲ. ಭಾಗಶಃ ಪಿಂಚಣಿ ಇರುವವರ ಪಾಲು 0ಯಿಂದ 25 ಶೇಕಡಾ ನಡುವೆ. ಪಿಂಚಣಿಯಿಲ್ಲದೆ ಸ್ವಂತ ಹಣದಲ್ಲೇ ಬದುಕುವವರ ಪಾಲೂ 25 ಶೇಕಡಾ ದಾಟುವುದಿಲ್ಲ.

ಪ್ಯಾಕೇಜ್ ಕೈಗೆ ಬಂದದ್ದು 2025ರಲ್ಲಾದರೂ ಒಪ್ಪಿಗೆ ಪತ್ರದ ಮೇಲಿನ ದಿನಾಂಕ 2024ರ ಆಗಸ್ಟ್ ಆಗಿರಬಹುದು. ಲೆಕ್ಕಕ್ಕೆ ಬರುವುದು ಒಪ್ಪಿಗೆಯ ದಿನಾಂಕವೇ. ಹಳೆಯ ಪತ್ರ ಎಸೆದವರು ಮೈ ಏಜ್ಡ್ ಕೇರ್‌ಗೆ (1800 200 422) ಫೋನ್ ಮಾಡಿ ಕೇಳಬೇಕು. ರಕ್ಷಣೆ ಇದ್ದೂ ಬಿಲ್ಲಿನಲ್ಲಿ 25 ದಾಟಿದ ಶೇಕಡಾ ಕಂಡರೆ, ಪೂರ್ಣ ಪಿಂಚಣಿದಾರರಿಗೆ 0 ಬಿಟ್ಟು ಬೇರೆ ಯಾವ ಸಂಖ್ಯೆ ಕಂಡರೂ ಅದು ತಪ್ಪು ಬಿಲ್.

## ಹಂತ 2: ಮಾತಾಡುವ ಅಧಿಕಾರ ಎರಡೂ ಕಡೆ ಮಾಡಿಸಿ

ಮಗ ಅಥವಾ ಮಗಳು ಮೈ ಏಜ್ಡ್ ಕೇರ್‌ನಲ್ಲಿ ನೋಂದಾಯಿತ ಸಹಾಯಕರಾದ ಮಾತ್ರಕ್ಕೆ ಸರ್ವಿಸಸ್ ಆಸ್ಟ್ರೇಲಿಯಾ (ಸೆಂಟರ್‌ಲಿಂಕ್ ನಡೆಸುವ ಸರ್ಕಾರಿ ಸಂಸ್ಥೆ) ಅವರೊಡನೆ ಹಣದ ವಿಷಯ ಮಾತಾಡುವುದಿಲ್ಲ. ಆರೈಕೆ ಎಷ್ಟು ಬೇಕೆಂದು ತೀರ್ಮಾನಿಸುವುದು ಒಂದು ಕಡೆ, ಆದಾಯ ನೋಡಿ ಪಾಲು ಗೊತ್ತು ಮಾಡುವುದು ಇನ್ನೊಂದು ಕಡೆ. ಎರಡೂ ಕಡೆ ಪ್ರತ್ಯೇಕವಾಗಿ ಒಪ್ಪಿಗೆ ದಾಖಲಾಗಬೇಕು. ಇದನ್ನು ಬಿಟ್ಟವರು ಅರ್ಧ ಗಂಟೆ ಫೋನ್ ಹಿಡಿದು ಕಾದು, "ನಿಮ್ಮ ತಂದೆಯವರನ್ನೇ ಮಾತಾಡಿಸಿ" ಎಂದು ಕೇಳಿಸಿಕೊಳ್ಳುತ್ತಾರೆ. ತಂದೆಗೋ ಕಿವಿ ಮಂದ.

ಹಿರಿಯರೇ ಮಾತಾಡುವುದಾದರೆ ದುಭಾಷಿ ಸೇವೆ 131 450ಕ್ಕೆ ಫೋನ್ ಮಾಡಿ, ಕನ್ನಡ ಬೇಕೆಂದು ಮೊದಲ ವಾಕ್ಯದಲ್ಲೇ ಹೇಳಿ. "ಇಂಡಿಯನ್ ಲ್ಯಾಂಗ್ವೇಜ್" ಅಂದರೆ ಹಿಂದಿಯವರು ಬರುತ್ತಾರೆ.

## ಹಂತ 3: ಆದಾಯ ಮತ್ತು ಆಸ್ತಿ ವಿವರ ಒಪ್ಪಿಸಿ

ಹೆಚ್ಚಿನ ತಪ್ಪುಗಳಾಗುವುದು ಇಲ್ಲಿಯೇ, ನಿಧಾನವಾಗಿ ಓದಿ.

ಏಜ್ ಪೆನ್ಷನ್ ಬರುತ್ತಿದ್ದರೆ ವಿವರ ಸರ್ಕಾರದ ಬಳಿ ಆಗಲೇ ಇದೆ. ಸಾಮಾನ್ಯವಾಗಿ ಹೊಸ ಅರ್ಜಿ ತುಂಬುವ ಅಗತ್ಯವಿಲ್ಲ. ಅಲ್ಲಿರುವ ವಿವರ ಇವತ್ತಿನದೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಮೂರು ವರ್ಷದ ಹಿಂದೆ ಮುರಿಸಿದ ಠೇವಣಿ ಇನ್ನೂ ಅವರ ಪುಸ್ತಕದಲ್ಲಿದ್ದರೆ ಪಿಂಚಣಿಯೂ ಕಡಿಮೆ, ನಿಮ್ಮ ಪಾಲೂ ಜಾಸ್ತಿ.

ಪಿಂಚಣಿ ಇಲ್ಲದವರು ಅರ್ಜಿ ಕೊಡಲೇಬೇಕು. ಕೊಡದಿದ್ದರೆ ಗರಿಷ್ಠ ದರ. ಮಕ್ಕಳ ಬಳಿಗೆ ಪೇರೆಂಟ್ ವೀಸಾದಲ್ಲಿ ಬಂದ ಕನ್ನಡದ ಎಷ್ಟೋ ಹಿರಿಯರು ಎಡವುವುದು ಇಲ್ಲಿ. ಏಜ್ ಪೆನ್ಷನ್ನಿಗೆ ಸಾಮಾನ್ಯವಾಗಿ 10 ವರ್ಷದ ವಾಸ ಬೇಕು. ಅದು ತುಂಬಿಲ್ಲದವರ ಬಗ್ಗೆ ಸೆಂಟರ್‌ಲಿಂಕ್ ಬಳಿ ಒಂದು ಸಾಲೂ ಇರುವುದಿಲ್ಲ. "ನಮಗೆ ಆದಾಯವೇ ಇಲ್ಲ, ಏನು ತುಂಬೋದು?" ಎಂದು ಸುಮ್ಮನಿದ್ದರೆ, ಇಲ್ಲ ಎಂಬುದು ಅವರಿಗೆ ತಿಳಿಯುವುದಾದರೂ ಹೇಗೆ?

ಏನೇನು ಬರೆಯಬೇಕು? ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಆಸ್ತಿ ಆಸ್ತಿಯೇ, ಆದಾಯ ಆದಾಯವೇ. ಮೈಸೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ, ಊರಿನ ತೋಟ, ಅಂಚೆ ಕಚೇರಿ ಮತ್ತು ಬ್ಯಾಂಕ್ ಠೇವಣಿ, ರಾಜ್ಯ ಸರ್ಕಾರದ ಅಥವಾ ಬ್ಯಾಂಕ್ ನೌಕರಿಯ ಪಿಂಚಣಿ, ಎಲ್ಲವೂ ಸೇರಬೇಕು. ಪಾಲಾಗದ ಪಿತ್ರಾರ್ಜಿತ ಜಮೀನಿದ್ದರೆ ಪಹಣಿಯಲ್ಲಿ ಯಾರ್ಯಾರ ಹೆಸರಿದೆ, ನಿಮ್ಮವರ ಪಾಲು ಎಷ್ಟು ಎಂಬುದನ್ನು ಬರೆದು ಕೊಡಿ. ಇಲ್ಲವಾದರೆ ಇಡೀ ಜಮೀನು ಇವರದೇ ಎಂದು ತಿಳಿಯುವ ಸಾಧ್ಯತೆ ಇದೆ. ಕನ್ನಡದಲ್ಲಿರುವ ಪಹಣಿ, ಖಾತಾ, ಪಿಂಚಣಿ ಪುಸ್ತಕ ಯಾವುದನ್ನೂ ಅರ್ಜಿಯ ಜೊತೆ ಹಾಗೆಯೇ ಕಳಿಸಿ ಸುಮ್ಮನಾಗಬೇಡಿ. 131 202ಕ್ಕೆ ಫೋನ್ ಮಾಡಿ, ಅನುವಾದಕ್ಕೆ ಎಲ್ಲಿ ಕೊಡಬೇಕೆಂದು ಕೇಳಿಕೊಳ್ಳಿ.

ವಾಸವಿರುವ ಸ್ವಂತ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಬೀಗ ಹಾಕಿಟ್ಟ ಮನೆ ಬರುತ್ತದೆ. ದಂಪತಿಯಾದರೆ ಇಬ್ಬರ ಆದಾಯ, ಆಸ್ತಿ ಕೂಡಿಸಿ ಅರ್ಧರ್ಧ ಹಂಚುತ್ತಾರೆ. ಆಸ್ತಿಯೆಲ್ಲ ಅಪ್ಪನ ಹೆಸರಿನಲ್ಲಿದೆ, ಸೇವೆ ಅಮ್ಮನಿಗೆ ಎಂಬ ವಾದ ನಡೆಯದು.

ಇನ್ನು ದಾನದ ವಿಷಯ. ಲೆಕ್ಕದಿಂದ ತಪ್ಪಿಸಲೆಂದು ತೋಟವನ್ನು ಮಗನ ಹೆಸರಿಗೆ ಬರೆಯುವವರಿದ್ದಾರೆ. ಒಂದು ಹಣಕಾಸು ವರ್ಷದಲ್ಲಿ 10,000 ಡಾಲರ್, ಐದು ವರ್ಷದಲ್ಲಿ ಒಟ್ಟು 30,000 ಡಾಲರ್ ಮೀರಿ ಕೊಟ್ಟದ್ದನ್ನು ಐದು ವರ್ಷದವರೆಗೆ ನಿಮ್ಮ ಆಸ್ತಿಯೆಂದೇ ಹಿಡಿಯುತ್ತಾರೆ. ಮೊಮ್ಮಗಳ ಮದುವೆಗೆ ಕೊಟ್ಟ ಚಿನ್ನಕ್ಕೂ ಇದೇ ನಿಯಮ. ಕೊಟ್ಟಾಯಿತು, ಕೈಯಲ್ಲಿಲ್ಲ, ಲೆಕ್ಕದಲ್ಲಿ ಮಾತ್ರ ಇದೆ ಎಂಬ ಪಾಡು.

ಅರ್ಜಿ ತೀರ್ಮಾನವಾದ ಮೇಲೆ ಸರ್ವಿಸಸ್ ಆಸ್ಟ್ರೇಲಿಯಾದಿಂದ ಪತ್ರ ಬರುತ್ತದೆ. ಅದರಲ್ಲಿ ನಿಮ್ಮ ಎರಡು ಶೇಕಡಾ ಸಂಖ್ಯೆಗಳಿರುತ್ತವೆ. ಮುಂದಿನ ಲೆಕ್ಕವೆಲ್ಲ ಅವೆರಡರ ಮೇಲೆ. ಮೈ ಏಜ್ಡ್ ಕೇರ್ ಜಾಲತಾಣದ ಅಂದಾಜು ಯಂತ್ರ ಬರೀ ಅಂದಾಜು, ಪತ್ರಕ್ಕೆ ಅದು ಬದಲಿಯಲ್ಲ.

## ಹಂತ 4: ಪ್ರತಿ ಸೇವೆಯನ್ನೂ ಮೂರು ಗುಂಪಿನಲ್ಲಿ ಒಂದಕ್ಕೆ ಹಾಕಿ

ನಮ್ಮ ಪಾಲು ತಿಂಗಳ ಶುಲ್ಕವಲ್ಲ. ನಡೆದ ಸೇವೆಯ ಬೆಲೆಯಲ್ಲಿ ಇಂತಿಷ್ಟು ಶೇಕಡಾ. ಸೇವೆ ನಡೆಯದಿದ್ದರೆ ಪಾಲೂ ಇಲ್ಲ (ಕೊನೆ ಗಳಿಗೆಯಲ್ಲಿ ನೀವೇ ರದ್ದು ಮಾಡಿದ್ದು ಬೇರೆ, ಅದು 6ನೇ ಹಂತದಲ್ಲಿದೆ). ಆ ಶೇಕಡಾ ಗುಂಪಿನಿಂದ ಗುಂಪಿಗೆ ಬೇರೆ.

ವೈದ್ಯಕೀಯ ಗುಂಪು: ನರ್ಸ್, ಫಿಸಿಯೋಥೆರಪಿ, ಪಾದದ ಚಿಕಿತ್ಸೆ, ಆಕ್ಯುಪೇಷನಲ್ ಥೆರಪಿ (ದಿನದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ), ಕೇರ್ ಮ್ಯಾನೇಜ್‌ಮೆಂಟ್ (ಸೇವೆಗಳನ್ನು ಹೊಂದಿಸಿ ನೋಡಿಕೊಳ್ಳುವ ಕೆಲಸ). ಎಲ್ಲರಿಗೂ 0. ಕೋಟ್ಯಧಿಪತಿಗೂ 0.

ಸ್ವಾವಲಂಬನೆ ಗುಂಪು: ಸ್ನಾನ, ಬಟ್ಟೆ ಹಾಕಿಸುವುದು, ಶೌಚಕ್ಕೆ ಸಹಾಯ, ಆಸ್ಪತ್ರೆಗೆ ಅಥವಾ ದೇವಸ್ಥಾನಕ್ಕೆ ಕರೆದೊಯ್ಯುವ ಸಾರಿಗೆ, ಜೊತೆಗಿದ್ದು ಮಾತಾಡಿಸುವುದು, ಮನೆಯವರಿಗೆ ಬಿಡುವು ಕೊಡುವ ರೆಸ್ಪೈಟ್. ಪೂರ್ಣ ಪಿಂಚಣಿದಾರರಿಗೆ 5 ಶೇಕಡಾ, ಭಾಗಶಃ ಪಿಂಚಣಿ ಅಥವಾ ಕಾಮನ್‌ವೆಲ್ತ್ ಸೀನಿಯರ್ಸ್ ಹೆಲ್ತ್ ಕಾರ್ಡ್ (ಪಿಂಚಣಿ ಸಿಗದ ಹಿರಿಯರ ರಿಯಾಯಿತಿ ಕಾರ್ಡ್) ಇರುವವರಿಗೆ 5ರಿಂದ 50, ಸ್ವಂತ ಹಣದವರಿಗೆ 50.

ದಿನಬಳಕೆ ಗುಂಪು: ಮನೆ ಗುಡಿಸಿ ಒರೆಸುವುದು, ಬಟ್ಟೆ ಒಗೆಯುವುದು, ಅಂಗಡಿ ಕೆಲಸ, ಹುಲ್ಲು ಕತ್ತರಿಸುವುದು, ಸಣ್ಣಪುಟ್ಟ ರಿಪೇರಿ, ಊಟ. ಅದೇ ಕ್ರಮದಲ್ಲಿ 17.5, ನಂತರ 17.5ರಿಂದ 80, ಕೊನೆಗೆ 80.

ಗಡಿಗೆರೆ ಎಲ್ಲಿ ಎಂಬುದರ ಮೇಲೆ ಜೇಬು ನಿಂತಿದೆ. ಒಂದು ಭೇಟಿಯನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಆರೈಕೆಯವಳು ಬರುತ್ತಾಳೆ. ನಲವತ್ತು ನಿಮಿಷ ಅಮ್ಮನಿಗೆ ಸ್ನಾನ ಮಾಡಿಸಿ ಸೀರೆ ಉಡಿಸುತ್ತಾಳೆ. ಉಳಿದ ಇಪ್ಪತ್ತು ನಿಮಿಷ ಹಾಸಿಗೆ ಬದಲಿಸಿ, ಬಚ್ಚಲು ತೊಳೆಯುತ್ತಾಳೆ. ಬೆಲೆ ಗಂಟೆಗೆ 100 ಡಾಲರ್ ಎಂದುಕೊಳ್ಳಿ (ಲೆಕ್ಕ ಸುಲಭವಾಗಲೆಂದು ಈ ಸಂಖ್ಯೆ, ದರ ಪ್ರೊವೈಡರಿನಿಂದ ಪ್ರೊವೈಡರಿಗೆ ಬೇರೆ). ಸ್ವಂತ ಹಣದವರಿಗೆ ಸ್ನಾನದ ಭಾಗ 33.33, ಸ್ವಚ್ಛತೆಯ ಭಾಗ 26.67, ಒಟ್ಟು 60 ಡಾಲರ್. ಇಡೀ ಗಂಟೆಯನ್ನು ಮನೆಗೆಲಸವೆಂದು ಬರೆದರೆ 80. ಪೂರ್ಣ ಪಿಂಚಣಿದಾರರಿಗೆ ಸರಿಯಾದ ಲೆಕ್ಕ ಸುಮಾರು 9.17, ತಪ್ಪಾಗಿ ಬರೆದರೆ 17.50. ವಾರಕ್ಕೆ ಮೂರು ಸಲ ಹೀಗಾದರೆ ವರ್ಷಕ್ಕೆ ಎಷ್ಟೆಂದು ನೀವೇ ಗುಣಿಸಿ ನೋಡಿ.

## ಹಂತ 5: ತ್ರೈಮಾಸಿಕ ಬಜೆಟ್ ಜೊತೆ ಹೊಂದಿಸಿ

ಯೋಜನೆಯಲ್ಲಿ ಎಂಟು ಹಂತದ ಅನುದಾನವಿದೆ. ಕೆಳಗಿನದು ವರ್ಷಕ್ಕೆ ಸುಮಾರು 10,731 ಡಾಲರ್, ಮೇಲಿನದು ಸುಮಾರು 78,106. ಹಣ ಮೂರು ಮೂರು ತಿಂಗಳಿಗೆ ಬರುತ್ತದೆ. ಅದರಲ್ಲಿ 10 ಶೇಕಡಾ ಕೇರ್ ಮ್ಯಾನೇಜ್‌ಮೆಂಟಿಗೆ ಮೊದಲೇ ಹೋಗುತ್ತದೆ. ಕೈಯಲ್ಲಿ ಕಾಗದ ಹಿಡಿದು ಹೀಗೆ ಮಾಡಿ:

ಅನುದಾನದ ಐದನೇ ಹಂತದವರಿಗೆ ಮೂರು ತಿಂಗಳಿಗೆ 9,924.35. ಹತ್ತು ಶೇಕಡಾ ಕಳೆದರೆ 8,931.92. ವಾರಕ್ಕೆ ಎರಡು ಗಂಟೆ ಮನೆಗೆಲಸ 200, ಮೂರು ಸಲ ಸ್ನಾನ 300, ಒಮ್ಮೆ ನರ್ಸ್ 150 ಎಂದರೆ ವಾರಕ್ಕೆ 650 ಡಾಲರ್ ಬೆಲೆಯ ಸೇವೆ. 13 ವಾರಕ್ಕೆ 8,450. ಬಜೆಟ್ಟಿನೊಳಗೆ ಕೂತಿತು.

ಈಗ ನಮ್ಮ ಪಾಲು. ಪೂರ್ಣ ಪಿಂಚಣಿದಾರರು ಮನೆಗೆಲಸಕ್ಕೆ 35, ಸ್ನಾನಕ್ಕೆ 15, ನರ್ಸಿಗೆ ಏನೂ ಇಲ್ಲ, ಒಟ್ಟು ವಾರಕ್ಕೆ 50 ಡಾಲರ್. ಭಾಗಶಃ ಪಿಂಚಣಿಯವರ ಪತ್ರದಲ್ಲಿ ಸ್ವಾವಲಂಬನೆಗೆ 23, ದಿನಬಳಕೆಗೆ 42.5 ಎಂದಿದ್ದರೆ ಮನೆಗೆಲಸಕ್ಕೆ 85, ಸ್ನಾನಕ್ಕೆ 69, ಒಟ್ಟು 154. ಸ್ವಂತ ಹಣದವರಿಗೆ 160 ಮತ್ತು 150, ಒಟ್ಟು 310. ಸೇವೆ ಒಂದೇ, ಬೆಲೆ ಒಂದೇ, ಕೈಬಿಡುವ ಹಣ ಮಾತ್ರ ಆರು ಪಟ್ಟು. ಆದಾಯದ ಅರ್ಜಿ ಕೊಡದೆ ಉಳಿದವರು ಸೇರುವುದು ಈ 310ರ ಸಾಲಿಗೆ.

ಉಳಿದ ಹಣದಲ್ಲಿ 1,000 ಡಾಲರ್ ಅಥವಾ ತ್ರೈಮಾಸಿಕ ಬಜೆಟ್ಟಿನ 10 ಶೇಕಡಾ, ಯಾವುದು ಹೆಚ್ಚೋ ಅಷ್ಟು ಮಾತ್ರ ಮುಂದಿನ ತ್ರೈಮಾಸಿಕಕ್ಕೆ ಹೋಗುತ್ತದೆ. ಹಳೆಯ ಪ್ಯಾಕೇಜಿನಂತೆ ವರ್ಷಗಟ್ಟಲೆ ಕೂಡಿಡಲು ಆಗದು. ಪಾಲು ಕಟ್ಟುವುದು ತಪ್ಪಲಿ ಎಂದು ಸ್ನಾನದ ಸಹಾಯವನ್ನೇ ಬಿಟ್ಟುಬಿಡುವ ಹಿರಿಯರಿದ್ದಾರೆ. ಐದು ಡಾಲರ್ ಉಳಿಸಲು ಹೋಗಿ ಬಚ್ಚಲಲ್ಲಿ ಜಾರಿ ಬಿದ್ದರೆ ಉಳಿಸಿದ್ದು ಯಾವ ಲೆಕ್ಕಕ್ಕೂ ಬಾರದು. ಕಡಿತ ಮಾಡಲೇಬೇಕಿದ್ದರೆ 17.5 ಶೇಕಡಾದ ಹುಲ್ಲು ಕತ್ತರಿಸುವುದರಿಂದ ಶುರು ಮಾಡಿ.

## ಹಂತ 6: ಸಹಿಗೆ ಮುಂಚೆ ಒಪ್ಪಂದ ಓದಿ

ಅನುದಾನ ಹಂಚಿಕೆಯಾದ ಮೇಲೆ ಪ್ರೊವೈಡರ್ ಜೊತೆ ಒಪ್ಪಂದಕ್ಕೆ 56 ದಿನ ಸಿಗುತ್ತದೆ, ಕೇಳಿದರೆ ಇನ್ನೂ 28 ದಿನ. ಅವಸರಪಡಿಸುವ ಪ್ರೊವೈಡರಿಗೆ ಈ ಸಂಖ್ಯೆ ಹೇಳಿ.

ಬೆಲೆಪಟ್ಟಿಯಲ್ಲಿ ನೋಡಬೇಕಾದ್ದು: ವಾರದ ದಿನ, ಸಂಜೆ, ಶನಿವಾರ, ಭಾನುವಾರ, ರಜಾದಿನದ ದರ ಬೇರೆ ಬೇರೆ ಇದೆಯೇ? ದರ ಏರಿದರೆ ನಿಮ್ಮ ಶೇಕಡಾ ಅದೇ ಇದ್ದರೂ ಪಾಲು ಏರುತ್ತದೆ. ಭಾನುವಾರದ ಸ್ನಾನವನ್ನು ಸೋಮವಾರಕ್ಕೆ ಸರಿಸಿದರೆ ಎಷ್ಟೋ ಉಳಿಯುತ್ತದೆ. ಆಡಳಿತ ವೆಚ್ಚ ಸೇವೆಯ ಬೆಲೆಯೊಳಗೇ ಸೇರಿರಬೇಕು. "ಪ್ಯಾಕೇಜ್ ಮ್ಯಾನೇಜ್‌ಮೆಂಟ್" ಎಂಬ ಹಳೆಯ ಹೆಸರಿನಲ್ಲೋ, ಬಿಟ್ಟುಹೋಗುವ ಶುಲ್ಕವೆಂದೋ ಪ್ರತ್ಯೇಕ ಸಾಲು ಕಂಡರೆ ಸಹಿ ಹಾಕಬೇಡಿ.

ರದ್ದತಿಯ ಷರತ್ತನ್ನು ಗಟ್ಟಿಯಾಗಿ ಓದಿಸಿ. ಎಷ್ಟು ಮುಂಚೆ ತಿಳಿಸಬೇಕು, ತಿಳಿಸದಿದ್ದರೆ ಎಷ್ಟು ಕಟ್ಟಬೇಕು? ನೆಂಟರು ಬಂದರೆಂದು, ಹಬ್ಬವೆಂದು ಅದೇ ದಿನ ಬೆಳಿಗ್ಗೆ "ಇವತ್ತು ಬೇಡ" ಅನ್ನುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಯುಗಾದಿ, ಗಣೇಶ ಹಬ್ಬದ ದಿನಾಂಕಗಳನ್ನು ವರ್ಷದ ಮೊದಲೇ ಕೊಟ್ಟುಬಿಡಿ.

## ಹಂತ 7: ತಿಂಗಳ ಸ್ಟೇಟ್‌ಮೆಂಟ್ ತಾಳೆ ನೋಡಿ

ನಮ್ಮ ಪಾಲನ್ನು ಸರ್ಕಾರಕ್ಕಲ್ಲ, ಪ್ರೊವೈಡರಿಗೆ ಕಟ್ಟುತ್ತೇವೆ. ಉಳಿದದ್ದನ್ನು ಅವರು ಸರ್ಕಾರದಿಂದ ಪಡೆಯುತ್ತಾರೆ. ಆದ್ದರಿಂದ ಪರೀಕ್ಷಿಸುವ ಕೆಲಸ ನಮ್ಮದು.

ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ದಿನಾಂಕ, ಅವಧಿ, ಗುಂಪು, ದರ, ಶೇಕಡಾ ಈ ಐದನ್ನು ಸಾಲು ಸಾಲಾಗಿ ನೋಡಿ. ಈ ಕೆಳಗಿನವು ಕಂಡರೆ ಕೂಡಲೇ ಕೇಳಿ: ನರ್ಸ್ ಅಥವಾ ಫಿಸಿಯೋ ಸಾಲಿನಲ್ಲಿ 0 ಬಿಟ್ಟು ಬೇರೆ ಸಂಖ್ಯೆ, ಕೇರ್ ಮ್ಯಾನೇಜ್‌ಮೆಂಟಿಗೆ ನಿಮ್ಮಿಂದ ಪಾಲು, ಆಸ್ಪತ್ರೆಯಲ್ಲಿದ್ದ ವಾರಕ್ಕೂ ಸ್ನಾನದ ಬಿಲ್, ಪ್ರತಿ ವಾರವೂ ಒಂದೇ ಮೊತ್ತ. ಆ ಕೊನೆಯದು ಅಂದಾಜಿನಲ್ಲಿ ಬಿಲ್ ಮಾಡುತ್ತಿರುವುದರ ಸೂಚನೆ.

ಪಿಂಚಣಿ ದರ ಮಾರ್ಚ್ 20ಕ್ಕೂ ಸೆಪ್ಟೆಂಬರ್ 20ಕ್ಕೂ ಪರಿಷ್ಕರಣೆಯಾಗುತ್ತದೆ. ಅದರ ಬೆನ್ನಿಗೆ ನಿಮ್ಮ ಶೇಕಡಾ ಬದಲಾಗಿ ಹೊಸ ಪತ್ರ ಬರಬಹುದು. ಹೊಸ ಪತ್ರ ಬಂದಿದ್ದೂ ಬಿಲ್ ಹಳೆಯ ಶೇಕಡಾದಲ್ಲೇ ಇದ್ದರೆ ಪತ್ರದ ಪ್ರತಿ ಪ್ರೊವೈಡರಿಗೆ ಕಳಿಸಿ. ಸಂಗಾತಿ ತೀರಿಕೊಂಡರೆ, ಊರಿನ ಜಮೀನು ಮಾರಿದರೆ ನೀವೇ ಸೆಂಟರ್‌ಲಿಂಕಿಗೆ ತಿಳಿಸಬೇಕು.

ಕಟ್ಟಿದ್ದರ ಒಟ್ಟು ಲೆಕ್ಕವನ್ನೂ ಇಡಿ. ಜೀವಮಾನದ ಗಡಿ ಒಂದಿದೆ, ಕಾನೂನು ರೂಪುಗೊಂಡಾಗ 1,30,000 ಡಾಲರ್, ಬೆಲೆಯೇರಿಕೆಯೊಡನೆ ಅದೂ ಏರುತ್ತದೆ. ಮುಂದೆ ವೃದ್ಧರ ಕೇಂದ್ರ ಸೇರಿದರೂ ಮನೆಯಲ್ಲಿದ್ದಾಗ ಕಟ್ಟಿದ್ದು ಈ ಗಡಿಗೆ ಸೇರುತ್ತದೆ. ವಾರಕ್ಕೆ 310 ಕಟ್ಟುವವರು ಸುಮಾರು ಎಂಟು ವರ್ಷಕ್ಕೆ 1,30,000 ಮುಟ್ಟುತ್ತಾರೆ. 50 ಕಟ್ಟುವವರಿಗೆ ಐವತ್ತು ವರ್ಷ ಬೇಕು, ಅವರು ಈ ಚಿಂತೆ ಬಿಡಬಹುದು.

## ಹಂತ 8: ಸಲಕರಣೆಗೂ ಪಾಲಿದೆ, ಮರೆಯಬೇಡಿ

ವಾಕರ್, ಸ್ನಾನದ ಕುರ್ಚಿ, ಬಚ್ಚಲಿನ ಹಿಡಿಕೆ, ಇಳಿಜಾರು ಇಂಥವಕ್ಕೆ ತ್ರೈಮಾಸಿಕ ಬಜೆಟ್ ಮುಟ್ಟದ ಪ್ರತ್ಯೇಕ ಅನುದಾನವಿದೆ: 500, 2,000, 15,000 ಡಾಲರ್‌ವರೆಗಿನ ಮೂರು ಮಟ್ಟ. ಪ್ರತ್ಯೇಕ ಎಂದ ಮಾತ್ರಕ್ಕೆ ಪುಕ್ಕಟೆ ಎಂದು ತಿಳಿಯುವುದೇ ಇಲ್ಲಿನ ತಪ್ಪು. ಇದು ಸ್ವಾವಲಂಬನೆ ಗುಂಪಿನಲ್ಲೇ ಬರುತ್ತದೆ. 300 ಡಾಲರಿನ ವಾಕರಿಗೆ ಪೂರ್ಣ ಪಿಂಚಣಿದಾರರ ಪಾಲು 15, ಸ್ವಂತ ಹಣದವರದು 150. ಬಚ್ಚಲನ್ನು 15,000ಕ್ಕೆ ಬದಲಿಸಿದರೆ 750 ಮತ್ತು 7,500. ಗಾರೆಯವನು ಮನೆಗೆ ಬರುವ ಮುಂಚೆ ನಿಮ್ಮ ಪಾಲಿನ ಮೊತ್ತವನ್ನು ಬರಹದಲ್ಲಿ ತರಿಸಿಕೊಳ್ಳಿ.

## ಹಂತ 9: ಕಟ್ಟಲು ಆಗದಿದ್ದರೆ, ಬಿಲ್ ತಪ್ಪಿದ್ದರೆ

ಇವೆರಡು ಬೇರೆ ಬೇರೆ ದಾರಿ, ಬೆರೆಸಬೇಡಿ.

ಬಿಲ್ ಸರಿಯಿದ್ದು ಹಣವಿಲ್ಲದಿದ್ದರೆ ಸರ್ವಿಸಸ್ ಆಸ್ಟ್ರೇಲಿಯಾಕ್ಕೆ ಆರ್ಥಿಕ ಸಂಕಷ್ಟದ ಅರ್ಜಿ ಹಾಕಬೇಕು. ಔಷಧಿ, ಬಾಡಿಗೆ, ವಿದ್ಯುತ್ ಇಂಥ ಅಗತ್ಯ ಖರ್ಚಿನ ರಸೀದಿ ಜೊತೆಗಿರಲಿ. ಮೂರನೇ ಹಂತದಲ್ಲಿ ಹೇಳಿದ ಮಿತಿ ಮೀರಿದ ದಾನ ಇಲ್ಲಿ ಮತ್ತೆ ಅಡ್ಡ ಬರುತ್ತದೆ. ಅರ್ಜಿ ಹಾಕಿದ್ದನ್ನು ಪ್ರೊವೈಡರಿಗೆ ಅದೇ ದಿನ ಇಮೇಲ್ ಮಾಡಿ. ಮೌನವಾಗಿ ಬಿಲ್ ಕಟ್ಟದೆ ಇರುವುದು ಬಾಕಿಯಾಗಿ ಬೆಳೆಯುತ್ತದೆ.

ಬಿಲ್ಲೇ ತಪ್ಪಿದ್ದರೆ ಮೊದಲು ಪ್ರೊವೈಡರಿಗೆ, ಫೋನಿನಲ್ಲಲ್ಲ, ಬರಹದಲ್ಲಿ: ಯಾವ ದಿನಾಂಕದ ಯಾವ ಸಾಲು, ನೋಟ್‌ಬುಕ್ಕಿನಲ್ಲಿ ಏನಿದೆ, ಪತ್ರದ ಪ್ರಕಾರ ಎಷ್ಟಾಗಬೇಕಿತ್ತು. ಅಲ್ಲಿ ಬಗೆಹರಿಯದಿದ್ದರೆ ಹಿರಿಯರ ಪರ ನಿಂತು ಮಾತಾಡುವ ಓಪನ್ (OPAN) ಜಾಲದ ಉಚಿತ ಸಹಾಯ 1800 700 600ರಲ್ಲಿ ಸಿಗುತ್ತದೆ. ದೂರು ಕೊಡಬೇಕಾದ್ದು ಏಜ್ಡ್ ಕೇರ್ ಕ್ವಾಲಿಟಿ ಅಂಡ್ ಸೇಫ್ಟಿ ಕಮಿಷನ್ನಿಗೆ, 1800 951 822. "ದೂರು ಕೊಟ್ಟರೆ ನಾಳೆ ಅಮ್ಮನಿಗೆ ಸ್ನಾನ ಮಾಡಿಸಲು ಯಾರೂ ಬರಲಿಕ್ಕಿಲ್ಲ" ಎಂಬ ಅಂಜಿಕೆಯಿದ್ದರೆ ಮೊದಲು ಓಪನ್‌ನವರಿಗೇ ಫೋನ್ ಮಾಡಿ, ಅವರು ನಿಮ್ಮ ಜೊತೆ ಕೂತು ಪ್ರೊವೈಡರಿಗೆ ಪತ್ರ ಬರೆಯಲು ನೆರವಾಗುತ್ತಾರೆ.